ವಾಲ್ಟ್ ಪಿಲ್ಲಿಂಗ್‌ಗೆ ಹೆಗಲು ಕೊಟ್ಟವರು

"ಕಾಲು ನೋಡಿಕೊಂಡು ಇಡ್ರೋ! ಇಲ್ಲಿಂದ ಮೇಲೆ ಬರೀ ಮಂಜುಗಡ್ಡೆ!"

ಹೊರೇಸ್ ಕೂಗಿದ್ದು ತಡವಾಯಿತು. ಕ್ಲೆಮ್ ಗಾರ್ಸೈಡ್‌ನ ಎಡಗಾಲು ಕಲ್ಲುಹಾಸಿನ ಮೇಲೆ ಆಗಲೇ ಜಾರಿತ್ತು. ಶವಪೆಟ್ಟಿಗೆ ಒಂದು ಸಲ ಎಡಕ್ಕೆ ವಾಲಿತು, ಮುಚ್ಚಳದ ಮೇಲಿದ್ದ ಹೂವಿನ ಚಕ್ರ ಗೇಣುದ್ದ ಸರಿಯಿತು, ಆರು ಜನರ ಬಾಯಿಂದ ಒಟ್ಟಿಗೇ ಒಂದು ಬೈಗುಳ ಹೊರಟಿತು. ಕ್ಲೆಮ್ ಹಲ್ಲು ಕಚ್ಚಿ, ಹೆಗಲು ಒತ್ತಿ, ಮತ್ತೆ ನೆಟ್ಟಗಾದ.

"ಗೋಲ್‌ಕೀಪರನ್ನ ಮುಂದೆ ನಿಲ್ಲಿಸಿದೋರು ಯಾರ್ರೀ?" ಹಿಂದಿನಿಂದ ಸಿರಿಲ್ ಏದುಸಿರು ಬಿಡುತ್ತಾ ಕೇಳಿದ. ಅವನು ಕುಳ್ಳ. ಆರಡಿ ದಾಟಿದ ಹಳೆಯ ಗೋಲ್‌ಕೀಪರ್ ಹೊರೇಸ್ ಮುಂದಿದ್ದುದರಿಂದ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಜಾರಿ ಅವನ ಕುತ್ತಿಗೆಯ ಮೇಲೇ ಕೂತಿತ್ತು. "ವಾಲ್ಟ್ ಆಗಿದ್ರೆ ಗೋಲ್‌ಕೀಪರನ್ನ ಹಿಂದೆ ನಿಲ್ಲಿಸ್ತಿದ್ದ."

"ಇಲ್ಲೇ ಮಲಗಿದಾನಲ್ಲ, ಕೇಳು" ಎಂದ ಹೊರೇಸ್.

ಎಲ್ಲರೂ ನಕ್ಕರು, ಪೆಟ್ಟಿಗೆಯೂ ಅವರ ನಗುವಿಗೆ ಅಲ್ಲಾಡಿತು. ಕ್ಲೆಮ್ ಮಾತ್ರ ನಗಲಿಲ್ಲ. ತಾನು ಹದಿನೆಂಟು ವರ್ಷದಿಂದ ಮಾತಾಡಿಸದ ಮನುಷ್ಯನನ್ನು ಹೆಗಲ ಮೇಲೆ ಹೊತ್ತು ನಗುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಬ್ರೆಕ್‌ಶಾ ಊರಿಗೆ ಊರೇ ಗುಡ್ಡ ಇಳಿಯುತ್ತಿತ್ತು, ಅವರಷ್ಟೇ ಹತ್ತುತ್ತಿದ್ದರು. ಹಸಿರು ಬಿಳಿ ಮಫ್ಲರು ಸುತ್ತಿಕೊಂಡ ಗಂಡಸರು, ಹೆಂಗಸರು, ಕೈಯಲ್ಲಿ ಗಿಲಕಿ ಹಿಡಿದ ಮಕ್ಕಳು, ಎಲ್ಲರೂ ಕೆಳಗಿನ ಟೆಂಟರ್ ಲೇನ್ ಮೈದಾನಕ್ಕೆ ಹೊರಟಿದ್ದರು. ಪೆಟ್ಟಿಗೆ ಎದುರಾದಾಗ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದರು, ಟೋಪಿ ತೆಗೆಯುತ್ತಿದ್ದರು. ಪೆಟ್ಟಿಗೆ ದಾಟಿದ ಕೂಡಲೇ ಟೋಪಿ ಹಾಕಿಕೊಂಡು ಮತ್ತೆ ಓಟ.

ಯಾರ ತಪ್ಪೂ ಅಲ್ಲ. ವಾಲ್ಟ್ ಸತ್ತ ಮೂರನೇ ದಿನವೇ ಮಣ್ಣಿನ ಕೆಲಸ ಬುಧವಾರ ಮಧ್ಯಾಹ್ನ ಎಂದು ಗೊತ್ತು ಮಾಡಿದ್ದರು. ಶನಿವಾರ ಬ್ರೆಕ್‌ಶಾ ಅಥ್ಲೆಟಿಕ್ ಲಂಡನ್ನಿಗೆ ಹೋಗಿ ಕಪ್ ಪಂದ್ಯದಲ್ಲಿ ಮೊದಲ ದರ್ಜೆಯ ದೊಡ್ಡ ತಂಡವನ್ನು ಸಮಸಮ ಮಾಡಿಕೊಂಡು ಬರುತ್ತದೆಂದು ಯಾರಿಗೆ ಗೊತ್ತಿತ್ತು? ಮರುಪಂದ್ಯ ಇಲ್ಲಿ, ಬುಧವಾರ. ಕಲ್ಲಿದ್ದಲು ಗಣಿಯವರ ಜಗಳದಿಂದ ವಿದ್ಯುತ್ತು ಸಾಲದೆ ಊರೆಲ್ಲ ಮೇಣದಬತ್ತಿಯಲ್ಲಿ ಉಣ್ಣುತ್ತಿದ್ದ ಚಳಿಗಾಲ ಅದು. ಮೈದಾನದ ದೀಪ ಹಚ್ಚುವಂತಿಲ್ಲ ಎಂದು ಸರ್ಕಾರದ ಕಟ್ಟಪ್ಪಣೆ. ಹಾಗಾಗಿ ಆಟ ಹಗಲಿನಲ್ಲೇ, ಎರಡು ಗಂಟೆಗೆ. ಹಳೆಯ ಮ್ಯಾನೇಜರಿಗೆ ಹೆಗಲು ಕೊಡಬೇಕಿದ್ದ ತಂಡದ ಆಟಗಾರರೆಲ್ಲ ಮೈದಾನದ ಪಾಲಾದರು.

ಗುರುವಾರಕ್ಕೆ ಮುಂದೂಡೋಣವೇ ಎಂದು ಪಾದ್ರಿ ಲಮ್ಲಿ ಕೇಳಿದ್ದರು. ವಾಲ್ಟ್‌ನ ಹೆಂಡತಿ ಹಿಲ್ಡಾ ಒಪ್ಪಲಿಲ್ಲ. "ಅವರ ಆಟ ಅವರು ಆಡ್ಲಿ, ನಮ್ಮ ಕೆಲಸ ನಾವು ಮಾಡೋಣ" ಎಂದವಳೇ ನೆಟ್ಟಗೆ ತಮ್ಮ ಕ್ಲೆಮ್‌ನ ಮನೆಗೆ ಬಂದು ಬಾಗಿಲಲ್ಲಿ ನಿಂತಿದ್ದಳು. "ಹೆಗಲು ಕೊಡೋಕೆ ಜನ ಸಾಲದು. ನೀನು ಬರ್ಬೇಕು."

"ಅಕ್ಕಾ, ನಾನು ಅವನ ಜೊತೆ..."

"ಮಾತಾಡು ಅಂತ ಯಾರು ಹೇಳಿದ್ರು? ಹೊತ್ತರೆ ಸಾಕು."

ಈಗ ಅವಳು ಪೆಟ್ಟಿಗೆಯ ಹಿಂದೆ, ಕರಿ ಕೋಟು ತೊಟ್ಟು, ಯಾರ ಕೈಯನ್ನೂ ಹಿಡಿಯದೆ ಏರುತ್ತಿದ್ದಳು.

ಅರ್ಧ ಏರು ಮುಗಿದಿತ್ತು. ಕ್ಲೆಮ್‌ನ ಹಿಂದೆ ಹೆಗಲು ಕೊಟ್ಟಿದ್ದ, ಶವಸಂಸ್ಕಾರದ ಅಂಗಡಿಯ ಮುದುಕನಿಗೆ ಕೆಮ್ಮು ಹತ್ತಿಕೊಂಡಿತು. ಅಷ್ಟರಲ್ಲಿ ಕೆಳಗಿನಿಂದ ಜನರನ್ನು ಸೀಳಿಕೊಂಡು ಒಬ್ಬ ಓಡಿ ಬಂದ. ಕಪ್ಪು ಸೂಟು, ಕೆದರಿದ ತಲೆ, ಕೆಂಡದಂಥ ಮುಖ. ಮುದುಕನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ತನ್ನ ಹೆಗಲನ್ನು ಪೆಟ್ಟಿಗೆಯಡಿ ತೂರಿಸಿದ.

ಬೀದಿಯಲ್ಲಿ ಗುಲ್ಲೆದ್ದಿತು.

"ಏ, ಕೆನ್ನಿ ಅಲ್ವೇನೋ ಅದು? ಕೆನ್ನಿ ಆಸ್ಪಿನಾಲ್!"

"ಕೆನ್ನಿ, ಮೈದಾನ ಆ ಕಡೆ ಕಣೋ! ತಲೆ ಕೆಟ್ಟಿದ್ಯಾ?"

ಶನಿವಾರ ಲಂಡನ್ನಿನಲ್ಲಿ ಗೋಲು ಹೊಡೆದ ಕೆನ್ನಿ. ಹತ್ತು ವರ್ಷದಿಂದ ಬ್ರೆಕ್‌ಶಾದ ಗೋಲುಗಳನ್ನೆಲ್ಲ ಹೊಡೆಯುತ್ತಿದ್ದ ಕೆನ್ನಿ. ಅವನ ಉಸಿರು ಬಿಸಿಯಾಗಿ ಕ್ಲೆಮ್‌ನ ಕಿವಿಗೆ ಬಡಿಯುತ್ತಿತ್ತು.

"ಇವತ್ತು ನನಗೆ ಬಿಡುವು" ಎಂದ ಕೆನ್ನಿ, ಹಲ್ಲುಗಳ ನಡುವಿನಿಂದ. "ಮ್ಯಾನೇಜರ್ ರೇ ನನ್ನನ್ನ ತಂಡದಿಂದ ತೆಗೆದ. ನಡೀರಿ."

ಕ್ಲೆಮ್‌ನ ಹೆಗಲ ಮೇಲಿನ ಭಾರ ಒಮ್ಮೆಗೇ ಇಮ್ಮಡಿಯಾದಂತಾಯಿತು.

*

ವಾಲ್ಟ್ ಪಿಲ್ಲಿಂಗ್ ಹುಟ್ಟಿದ್ದು ಇದೇ ಗುಡ್ಡದ ಬುಡದ ಗಿರಣಿ ಬೀದಿಯಲ್ಲಿ. ಹದಿಮೂರಕ್ಕೆ ಮಗ್ಗದ ಕೊಠಡಿ ಸೇರಿದ. ಹದಿನೆಂಟಕ್ಕೆ ಮ್ಯಾಂಚೆಸ್ಟರಿನ ಕಡೆಯಿಂದ ಒಬ್ಬ ಬಂದು, ಅವನ ತಾಯಿಯ ಕೈಯಲ್ಲಿ ಚಹಾ ಕುಡಿದು, ಅವನನ್ನು ದೊಡ್ಡ ತಂಡಕ್ಕೆ ಕರೆದೊಯ್ದ. ವಾಲ್ಟ್‌ನ ಆಟದಲ್ಲಿ ಬೆಡಗು ಬಿನ್ನಾಣ ಏನೂ ಇರಲಿಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದು, ಹತ್ತಿರ ನಿಂತ ಜೊತೆಗಾರನಿಗೆ ಕೊಡುವುದು, ಮತ್ತೆ ಕಿತ್ತುಕೊಳ್ಳಲು ಹೋಗುವುದು. ಇಂಗ್ಲೆಂಡಿನ ಪರವಾಗಿ ಒಂದೇ ಒಂದು ಪಂದ್ಯ ಆಡಿದ. ಇನ್ನೂ ಆಡುತ್ತಿದ್ದನೇನೋ, ಯುದ್ಧ ಬಂದು ಅವನ ಒಳ್ಳೆಯ ವರ್ಷಗಳನ್ನೆಲ್ಲ ತಿಂದಿತು. ಮರಳಿ ಬಂದಾಗ ಮೂವತ್ತು ದಾಟಿತ್ತು, ಮಂಡಿಯೊಂದು ಸರಿಯಾಗಿ ಬಾಗುತ್ತಿರಲಿಲ್ಲ.

ಆಗ ಬ್ರೆಕ್‌ಶಾ ಕೊನೆಯ ದರ್ಜೆಯ ಕೊನೆಯ ತಂಡ. ಅವನನ್ನು ಆಟಗಾರನೂ ಹೌದು, ಮ್ಯಾನೇಜರೂ ಹೌದು ಎಂದು ಕರೆದರು. ವಾಲ್ಟ್ ಬಂದ ಮೊದಲ ದಿನ ಮಾಡಿದ ಕೆಲಸ, ಮೈದಾನದ ನೀರು ಹರಿಯಲೆಂದು ಗುದ್ದಲಿ ಹಿಡಿದು ಕಾಲುವೆ ತೋಡಿದ್ದು. ಎರಡನೇ ದಿನ ಮಾಡಿದ್ದು, ಹೆಂಡತಿಯ ತಮ್ಮ ಕ್ಲೆಮ್‌ನನ್ನು ಗಿರಣಿಯಿಂದ ಎಳೆದು ತಂದು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದ್ದು.

"ನನಗೆ ಬರಲ್ಲ ಭಾವ" ಎಂದಿದ್ದ ಕ್ಲೆಮ್.

"ಬರೋದು ಬಿಡೋದು ನಾನು ನೋಡ್ಕೋತೀನಿ. ಚೆಂಡು ಮೇಲೆ ಬಂದಾಗ ನೀನೂ ಮೇಲೆ ಹೋಗು. ಬೇರೆ ಏನೂ ಯೋಚ್ನೆ ಮಾಡ್ಬೇಡ."

ಮುಂದಿನ ಎಂಟು ವರ್ಷ ಕ್ಲೆಮ್ ಮೇಲೆ ಹೋಗುತ್ತಲೇ ಇದ್ದ. ಶನಿವಾರ ಸಂಜೆ ಗಿರಣಿ ಬೀದಿಯ ಹುಡುಗರು ಅವನ ಹಾಗೆಯೇ ಕೈ ಬೀಸಿ ನಡೆಯುತ್ತಿದ್ದರು. ಭಾನುವಾರ ಹಿಲ್ಡಾಳ ಮೇಜಿಗೆ ಮೂವರೂ ಕೂತು, ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಗಳನ್ನೇ ಆಟಗಾರರನ್ನಾಗಿ ಮಾಡಿಕೊಂಡು, ಹುರಿದ ಮಾಂಸ ತಣ್ಣಗಾಗುವವರೆಗೆ ಜಗಳವಾಡುತ್ತಿದ್ದರು.

*

ಚರ್ಚಿನಲ್ಲಿ ಮೂವತ್ತು ಜನರೂ ಇರಲಿಲ್ಲ. ಪಾದ್ರಿ ಲಮ್ಲಿ ವಾಲ್ಟ್‌ನ ಗುಣಗಾನವನ್ನು ಎಂದಿಗಿಂತ ತುಸು ಬೇಗವೇ ಓದುತ್ತಿದ್ದರು. ನಡುವೆ ಕೆಳಗಿನಿಂದ ದೊಡ್ಡ ಗದ್ದಲವೊಂದು ಎದ್ದು ಬಣ್ಣದ ಗಾಜುಗಳನ್ನು ಅದುರಿಸಿತು. ಪಾದ್ರಿಗಳು ನಿಲ್ಲಿಸಿದರು.

"ತಂಡಗಳು ಒಳಗೆ ಬಂದ್ವು, ಅಷ್ಟೆ" ಎಂದು ಹೊರೇಸ್ ಗಟ್ಟಿಯಾಗಿ ತಿಳಿಸಿದ.

"ಹಾಗಾದ್ರೆ ಸರಿ" ಎಂದು ಪಾದ್ರಿಗಳು ಮುಂದುವರಿಸಿದರು.

ಕ್ಲೆಮ್‌ನ ಪಕ್ಕದಲ್ಲಿ ಕೂತ ಕೆನ್ನಿಯ ಮಂಡಿ ಕುಣಿಯುತ್ತಿತ್ತು. ಕ್ಲೆಮ್ ಬಾಗಿ ಪಿಸುಮಾತಿನಲ್ಲಿ ಕೇಳಿದ. "ನಿನ್ನ ಜಾಗಕ್ಕೆ ಯಾರು?"

"ಮಾಸಿ. ಆ ಹದಿನೆಂಟರ ಹುಡುಗ. ಮೀಸೆ ಬೆಳೆದಿಲ್ಲ ಇನ್ನೂ."

"ರೇ ಏನಂದ?"

"ಬೂಟಿನ ದಾರ ಕಟ್ಕೋತಾ ಇದ್ದೆ. ಬಂದ, ನಿಂತ. 'ಹುಡುಗ ನಿನಗಿಂತ ಜೋರಾಗಿ ಓಡ್ತಾನೆ' ಅಂದ. ಅಷ್ಟೇ. ಹನ್ನೆರಡನೇ ನಂಬರಿನ ಅಂಗಿ ಗೂಟಕ್ಕೆ ಹಾಕಿದೀನಿ, ಬದಲಿ ಆಟಗಾರ ನೀನೇ ಅಂದ. ನಾನು ಆ ಅಂಗಿ ತೆಗೆದು ನೆಲಕ್ಕೆ ಬಿಸಾಕಿ ಬಂದೆ."

ಕ್ಲೆಮ್ ನೆಟ್ಟಗೆ ಕೂತ. ಅವನಿಗೆ ಚರ್ಚಿನ ಮೇಣದ ವಾಸನೆಯ ಬದಲು ಬೇರೊಂದು ವಾಸನೆ ಬಂತು. ಬಿಸಿನೀರು, ಕೆಸರು, ಮೈಗೆ ತಿಕ್ಕುವ ಎಣ್ಣೆ.

*

ಸಾವಿರದ ಒಂಬೈನೂರ ಐವತ್ತಾರರ ಚಳಿಗಾಲ. ಬ್ರೆಕ್‌ಶಾ ಇತಿಹಾಸದಲ್ಲೇ ಮೊದಲ ಸಲ ಕಪ್ಪಿನ ಐದನೇ ಸುತ್ತಿಗೆ ಏರಿತ್ತು. ಗುರುವಾರದ ಅಭ್ಯಾಸ ಮುಗಿಸಿ ಎಲ್ಲರೂ ದೊಡ್ಡ ತೊಟ್ಟಿಯ ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಹಾಡುತ್ತಿದ್ದರು. ವಾಲ್ಟ್ ಕೋಟು ಟೋಪಿ ಸಮೇತ ಬಂದು ತೊಟ್ಟಿಯ ಅಂಚಿನಲ್ಲಿ ನಿಂತ.

"ಕ್ಲೆಮ್, ಶನಿವಾರ ನಾನು ಟನಿಕ್ಲಿಫ್‌ನನ್ನ ಆಡಿಸ್ತೀನಿ."

ಹಾಡು ನಿಂತಿತು. ಇಂದಿನ ಮ್ಯಾನೇಜರ್ ರೇ ಟನಿಕ್ಲಿಫ್, ಆಗ ಹತ್ತೊಂಬತ್ತರ ಹುಡುಗ, ತೊಟ್ಟಿಯ ಮೂಲೆಯಲ್ಲಿ ಮೂಗಿನವರೆಗೆ ಮುಳುಗಿದ.

"ಯಾಕೆ?" ಎಂದ ಕ್ಲೆಮ್.

"ಅವನು ಜೋರಾಗಿ ಓಡ್ತಾನೆ."

ಬೆತ್ತಲೆ ಕೂತ ಮನುಷ್ಯ ಎದ್ದು ಹೋಗುವುದೂ ಕಷ್ಟ. ಕ್ಲೆಮ್ ಎದ್ದ. ಹತ್ತು ಜೊತೆಗಾರರ ಕಣ್ಣೆದುರು ನೀರು ಸುರಿಸುತ್ತಾ ನಡೆದು, ಒದ್ದೆ ಮೈಮೇಲೇ ಬಟ್ಟೆ ಹಾಕಿಕೊಂಡು ಹೊರಟುಹೋದ. ಶನಿವಾರ ಮೈದಾನದ ಹತ್ತಿರವೂ ಸುಳಿಯಲಿಲ್ಲ. ಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ಬ್ರೆಕ್‌ಶಾ ಒಂದು ಗೋಲಿನಿಂದ ಸೋತಿತು. ಕೊನೆಗಳಿಗೆಯಲ್ಲಿ ರೇ ಟನಿಕ್ಲಿಫ್ ತೆರೆದ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಹೊಡೆದ. ಆ ಸುದ್ದಿ ಕೇಳಿ ಕ್ಲೆಮ್‌ಗೆ ಆದ ಸಂತೋಷ ಎಂಥದ್ದೆಂದರೆ, ಅದನ್ನು ನೆನೆದು ಅವನು ಅವತ್ತೇ ಹೇಸಿಕೊಂಡಿದ್ದ.

ಆಮೇಲೆ ಬೇರೆ ಊರಿನ ತಂಡ, ಮತ್ತೊಂದು ತಂಡ, ಕೊನೆಗೆ ಮತ್ತೆ ಗಿರಣಿ. ಹಿಲ್ಡಾಳನ್ನು ನೋಡಬೇಕೆನಿಸಿದರೆ ವಾಲ್ಟ್ ಪರವೂರಿನ ಪಂದ್ಯಕ್ಕೆ ಹೋದ ದಿನ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದ.

ವಾಲ್ಟ್ ಒಂದೇ ಸಲ ಬಂದಿದ್ದ. ಇಪ್ಪತ್ತು ವರ್ಷ ತಂಡ ನಡೆಸಿದವನನ್ನು ಆಡಳಿತದವರು ಹೊರಗೆ ಹಾಕಿದ ದಿನ. ಕ್ಲೆಮ್ ತನ್ನ ತರಕಾರಿ ಪಾತಿಯಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದ. ವಾಲ್ಟ್ ಬೇಲಿಯ ಆಚೆ ನಿಂತು ಬಹಳ ಹೊತ್ತು ಕೋಳಿಗಳನ್ನೇ ನೋಡಿದ.

"ಇವತ್ತು ನನ್ನನ್ನೂ ತೆಗೆದ್ರು" ಎಂದ. ಮತ್ತೆ ಕೋಳಿಗಳನ್ನು ನೋಡಿದ. "ಅವತ್ತು ನಿನ್ನನ್ನ ತೆಗೆದಿದ್ದು ಸರಿ, ಕ್ಲೆಮ್. ಹೇಳಿದ ರೀತಿ ಸರಿ ಇರ್ಲಿಲ್ಲ."

ಕ್ಲೆಮ್ ಕಾಳು ಹಾಕುತ್ತಲೇ ಇದ್ದ. ತಲೆ ಎತ್ತಿದಾಗ ಬೇಲಿಯ ಆಚೆ ಯಾರೂ ಇರಲಿಲ್ಲ.

*

ಪೆಟ್ಟಿಗೆಯನ್ನು ಹಗ್ಗದಿಂದ ಗುಂಡಿಗೆ ಇಳಿಸುತ್ತಿದ್ದಾಗ ಕೆಳಗಿನ ಗದ್ದಲ ಒಮ್ಮೆಗೇ ಕತ್ತರಿಸಿದಂತೆ ನಿಂತಿತು. ದೂರದ ಒಂದು ಮೂಲೆಯಿಂದ ಮಾತ್ರ ಸಣ್ಣ ಕೇಕೆ. ಲಂಡನ್ನಿನಿಂದ ಬಂದವರದು.

"ಹೊಡೆದ್ರು" ಎಂದ ಸಿರಿಲ್. ಹಗ್ಗ ಹಿಡಿದವರ ಕೈ ಸಡಿಲವಾಗಿ ಪೆಟ್ಟಿಗೆ ದಡಕ್ಕನೆ ತಳ ಮುಟ್ಟಿತು.

"ಮಣ್ಣಿಗೆ ಮಣ್ಣು" ಎಂದರು ಪಾದ್ರಿ ಲಮ್ಲಿ, ನಿಜವಾಗಿಯೂ ದುಃಖ ತುಂಬಿದ ದನಿಯಲ್ಲಿ.

ಕೆನ್ನಿ ಮೈದಾನದ ಕಡೆಗೆ ತಿರುಗಿ ನಿಂತಿದ್ದ. ಅವನ ತುಟಿಯ ಅಂಚಿನಲ್ಲಿ ಒಂದು ನಗು ಮೂಡುತ್ತಿತ್ತು, ಅವನಿಗೇ ಗೊತ್ತಿಲ್ಲದೆ. ಕ್ಲೆಮ್ ಆ ನಗುವನ್ನು ನೋಡಿದ. ಒಗೆಯುವ ಕೋಣೆಯ ಕತ್ತಲಲ್ಲಿ ಅದು ತನ್ನ ಮುಖದ ಮೇಲೆ ಹೇಗೆ ಕೂತಿತ್ತೆಂದು ಅವನಿಗೆ ಈಗ ಕಾಣಿಸಿತು. ಕೆನ್ನಿಯ ಕೋಟಿನ ಕೊರಳಪಟ್ಟಿ ಹಿಡಿದು ಗೋರಿಗಳ ಹಿಂದಕ್ಕೆ ಎಳೆದೊಯ್ದ.

"ಹೋಗು ಕೆಳಗೆ."

"ಏನು?"

"ಹನ್ನೆರಡನೇ ಅಂಗಿ ನೆಲದಲ್ಲಿ ಬಿದ್ದಿದೆ. ಹೋಗಿ ಎತ್ತಿ ಹಾಕ್ಕೋ."

"ನೀವು ಹೋಗ್ತಿದ್ರಾ?" ಕೆನ್ನಿ ಅವನ ಕೈ ಕೊಡವಿದ. "ಊರಿಗೆಲ್ಲ ಗೊತ್ತು ನಿಮ್ಮ ಕತೆ. ನೀವು ನನಗೆ ಹೇಳೋಕೆ ಬರ್ತೀರಾ?"

"ಅದಕ್ಕೇ ಹೇಳ್ತಿರೋದು ಕಣಯ್ಯ! ಬೇರೆ ಯಾರು ಹೇಳ್ಬೇಕು ನಿನಗೆ?" ಕ್ಲೆಮ್‌ನ ದನಿ ಏರಿತು. ಗುಂಡಿಯ ಸುತ್ತ ನಿಂತವರೆಲ್ಲ ತಿರುಗಿದರು. "ನನಗೆ ಹನ್ನೆರಡನೇ ಅಂಗಿ ಯಾರೂ ಇಟ್ಟಿರ್ಲಿಲ್ಲ. ಆಗ ಬದಲಿ ಅನ್ನೋದೇ ಇರ್ಲಿಲ್ಲ. ಬಕೆಟ್ಟಿನ ಮೇಲೆ ಕೂತೆ ನಾನು. ಅವತ್ತು ಕೂತೋನು ಇನ್ನೂ ಎದ್ದಿಲ್ಲ. ಆ ಹುಡುಗ ನಿನಗಿಂತ ಜೋರಾಗಿ ಓಡ್ತಾನೋ ಇಲ್ವೋ?"

ಕೆನ್ನಿ ಕೊರಳಪಟ್ಟಿ ಸರಿಮಾಡಿಕೊಂಡ.

"ಓಡ್ತಾನೋ ಇಲ್ವೋ, ಹೇಳು!"

"ಓಡ್ತಾನೆ" ಎಂದ ಕೆನ್ನಿ. "ಆದ್ರೆ ತಲೆಯಿಂದ ಹೊಡೆಯೋಕೆ ಬರಲ್ಲ ಅವನಿಗೆ."

"ಮತ್ತೆ? ಓಡೋದು ಅವನು ಓಡ್ಲಿ. ಹೊಡೆಯೋದು ನೀನು ಹೋಗಿ ಹೊಡಿ!"

ಕೆನ್ನಿ ಗುಂಡಿಯ ಕಡೆ ನೋಡಿದ. ಹಿಲ್ಡಾಳನ್ನು ನೋಡಿದ. ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತಿದ್ದ ಅವಳು ಗೇಟಿನ ಕಡೆ ಗಲ್ಲ ತೋರಿಸಿದಳು. "ಏನ್ ನೋಡ್ತಿದ್ದೀಯ? ಅರ್ಧ ಆಟ ಮುಗೀತಾ ಬಂತು. ಓಡು!"

ಓಡಿದ. ಗೇಟಿನ ದಾರಿ ಸುತ್ತು ಎಂದು ಗೋರಿಗಳ ನಡುವೆಯೇ ನುಗ್ಗಿ, ಗೋಡೆ ಹಾರಿ, ಕಪ್ಪು ಕೋಟು ಹಾರಾಡಿಸುತ್ತಾ ಮಂಜುಗಡ್ಡೆಯ ಇಳಿಜಾರಿನಲ್ಲಿ ಜಾರುತ್ತಾ ಏಳುತ್ತಾ ಕೆಳಗಿಳಿದ.

ಪ್ರಾರ್ಥನೆ ಹೇಗೆ ಮುಗಿಯಿತೋ ಯಾರಿಗೂ ನೆನಪಿಲ್ಲ. ಮುಗಿದಾಗ ಎಲ್ಲರೂ ಚರ್ಚಿನ ಹಿಂದಿನ ಗೋಡೆಯ ಹತ್ತಿರ ಇದ್ದರು. ಅಲ್ಲಿಂದ ಮೈದಾನದ ಆಚೆಯ ಅರ್ಧ ಕಾಣುತ್ತಿತ್ತು. ಈಚೆಯ ಅರ್ಧವನ್ನು ಸ್ಟ್ಯಾಂಡಿನ ತಗಡಿನ ಚಾವಣಿ ನುಂಗಿತ್ತು. ಗೋಡೆ ಎದೆಯೆತ್ತರ. ಹೊರೇಸ್ ಸಿರಿಲ್‌ನನ್ನು ಎತ್ತಿ ಮೇಲೆ ಕೂರಿಸಿದ. ಗುಂಡಿ ಮುಚ್ಚಬೇಕಿದ್ದ ಇಬ್ಬರು ಆಳುಗಳೂ ಸಲಿಕೆ ಊರಿ ನಿಂತರು. ಪಾದ್ರಿಗಳು ನಿಲುವಂಗಿ ಎತ್ತಿಕಟ್ಟಿ ಒಂದು ಕಲ್ಲಿನ ಮೇಲೆ ಹತ್ತಿದರು.

"ನನಗೇನೂ ಕಾಣ್ತಿಲ್ಲ" ಎಂದಳು ಹಿಲ್ಡಾ. "ಕ್ಲೆಮ್, ಕೈ ಕೊಡು."

ಎತ್ತರದ ಹಿಮ್ಮಡಿಯ ಕರಿ ಬೂಟುಗಳನ್ನು ಕಳಚಿ, ಕಾಲುಚೀಲದಲ್ಲೇ ತಮ್ಮನ ಹೆಗಲು ಹಿಡಿದು ಗೋಡೆ ಹತ್ತಿ ನಿಂತಳು.

ಎರಡನೇ ಅರ್ಧದಲ್ಲಿ ಬ್ರೆಕ್‌ಶಾ ಆಚೆಯ ಗೋಲಿನತ್ತ ಆಡುತ್ತಿತ್ತು. ಮಾಸಿ ಹುಡುಗ ಓಡುತ್ತಿದ್ದ, ಅಬ್ಬಾ ಏನು ಓಟ! ಲಂಡನ್ನಿನ ಆಟಗಾರರು ತಿರುಗುವಷ್ಟರಲ್ಲಿ ಅವರನ್ನು ದಾಟಿರುತ್ತಿದ್ದ. ಆದರೆ ಅವನು ತಂದ ಚೆಂಡನ್ನು ತೆಗೆದುಕೊಳ್ಳುವವರು ಮುಂದೆ ಯಾರೂ ಇರಲಿಲ್ಲ. ಪ್ರತಿ ಸಲವೂ ಪ್ರೇಕ್ಷಕರ ಮೆಟ್ಟಿಲುಗಳ ಮೇಲಿಂದ ಒಂದು ನಿಟ್ಟುಸಿರು ಗುಡ್ಡದವರೆಗೆ ಬರುತ್ತಿತ್ತು.

"ರೇ, ಹಾಕೋ ಅವನನ್ನ" ಎಂದು ಹಿಲ್ಡಾ ಗೊಣಗಿದಳು. "ಏನ್ ಕಾಯ್ತಿದ್ದೀಯ, ಹಾಕು!"

ಚಾವಣಿಯ ಅಡಿಯಿಂದ ಗುಡುಗಿನಂಥ ಸದ್ದು ಎದ್ದಿತು. ಹಸಿರು ಅಂಗಿಯವನೊಬ್ಬ ಮೈದಾನದೊಳಕ್ಕೆ ಓಡುತ್ತಿದ್ದ. ಬೆನ್ನ ಮೇಲಿನ ನಂಬರು ಓದಲು ಇಷ್ಟು ದೂರದಿಂದ ಯಾರಿಗೂ ಆಗದು, ಓದಬೇಕಾಗಿಯೂ ಇರಲಿಲ್ಲ. ಆ ಓಟವನ್ನು ಊರೇ ಬಲ್ಲದು.

ಮಾಸಿ ಬಲ ಅಂಚಿನಲ್ಲಿ ನುಗ್ಗಿದ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ, ಚೆಂಡನ್ನು ಮೇಲಕ್ಕೆ ಎತ್ತಿ ಒಳಕ್ಕೆ ತೂರಿದ.

"ಮೇಲೆ ಹೋಗೋ!" ಎಂದು ಕ್ಲೆಮ್ ಕಿರುಚಿದ. "ಯೋಚ್ನೆ ಮಾಡ್ಬೇಡ, ಹೋಗು!"

ಕೆನ್ನಿ ಹೋದ. ನಾಲ್ಕು ತಲೆಗಳ ಮೇಲೆ ಐದನೆಯದಾಗಿ ಅವನ ತಲೆ ಎದ್ದಿತು. ಬಲೆ ಉಬ್ಬಿದ್ದು ಮೊದಲು ಕಂಡಿತು, ಸದ್ದು ಆಮೇಲೆ ಬಂದು ಅವರ ಎದೆಗೆ ಬಡಿಯಿತು. ಹೊರೇಸ್ ಪಾದ್ರಿಗಳನ್ನು ಅಪ್ಪಿಕೊಂಡ. ಸಿರಿಲ್ ಗೋಡೆಯಿಂದ ಆಚೆ ಬಿದ್ದ. ಬಿದ್ದವನು ಏಳದೆ ಅಲ್ಲೇ ಹುಲ್ಲಿನ ಮೇಲೆ ಕಾಲು ಬಡಿಯುತ್ತಾ ಕೂಗುತ್ತಿದ್ದ.

ಎರಡನೆಯದು ಅದಕ್ಕಿಂತ ಬೇಗ ಬಂತು. ಕೆನ್ನಿ ಮತ್ತೆ ಮೇಲೆ ಹೋದ, ಲಂಡನ್ನಿನವರೆಲ್ಲ ಅವನ ಹಿಂದೆ ಮೇಲೆ ಹೋದರು. ಈ ಸಲ ಅವನು ಹೊಡೆಯಲಿಲ್ಲ. ತಲೆಯಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿದ. ಅಲ್ಲಿ, ಯಾರೂ ಇಲ್ಲದ ಜಾಗದಲ್ಲಿ, ಮಾಸಿ ಹುಡುಗ ಆಗಲೇ ಓಡಿ ಬಂದು ತಲುಪಿದ್ದ.

ಅಂತಿಮ ಸೀಟಿ ಊದಿದಾಗ ಚರ್ಚಿನ ಅಂಗಳದಲ್ಲಿ ಶಿಸ್ತೆಂಬುದೇ ಉಳಿದಿರಲಿಲ್ಲ. ಹೊರೇಸ್, ಸಿರಿಲ್, ಆಳುಗಳು, ಅಂಗಡಿಯ ಕೆಮ್ಮುವ ಮುದುಕ, ಎಲ್ಲರೂ ಬೀದಿಯಲ್ಲಿ ಇಳಿದು ಓಡಿದರು. "ಘಂಟೆ ಬಾರಿಸಿದ್ರೆ ತಪ್ಪಾಗುತ್ತಾ ಮಿಸೆಸ್ ಪಿಲ್ಲಿಂಗ್?" ಎಂದು ಪಾದ್ರಿಗಳು ಕೇಳಿದರು. "ಬಾರಿಸದಿದ್ರೆ ತಪ್ಪು" ಎಂದಳು ಹಿಲ್ಡಾ. ಅವರೂ ಗೋಪುರದತ್ತ ಓಡಿದರು.

ಅಕ್ಕ ತಮ್ಮ ಇಬ್ಬರೇ ಉಳಿದರು. ಜೊತೆಗೆ ಇನ್ನೂ ಮುಚ್ಚದ ಗುಂಡಿ.

ಕ್ಲೆಮ್ ಕೋಟು ಬಿಚ್ಚಿ ಸಲಿಕೆ ಎತ್ತಿಕೊಂಡ. ಒಂದು ಸಲಿಕೆ ಮಣ್ಣು ಎತ್ತಿ, ಹಾಕದೆ, ಅಂಚಿನಲ್ಲಿ ನಿಂತ. ಮತ್ತೆ ಮಣ್ಣನ್ನು ಪಕ್ಕಕ್ಕೆ ಸುರಿದು ಸಲಿಕೆಯನ್ನು ನೆಲಕ್ಕೆ ಚುಚ್ಚಿದ.

"ಎರಡು ಒಂದು, ಭಾವ" ಎಂದ. ದನಿ ಒಡೆಯಿತು, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. "ಎರಡು ಒಂದು. ನಾವೇ. ಹುಡುಗ ಓಡಿದ್ದು ಹೇಗೆ ಗೊತ್ತಾ? ಬಲಗಡೆಯಿಂದ ಬಂದ, ಈ ಗೋರಿ ಇದೆಯಲ್ಲ, ಇದರಷ್ಟು ಅಗಲ ಜಾಗ ಇತ್ತು, ಅಷ್ಟರಲ್ಲೇ ನುಗ್ಗಿದ..."

"ಎಡಗಡೆ ಅಲ್ವೇನೋ?" ಎಂದಳು ಹಿಲ್ಡಾ, ಗೋಡೆಯ ಮೇಲಿಂದ.

"ಬಲಗಡೆ ಅಕ್ಕಾ, ನಾನು ನೋಡಿದೀನಿ! ಸುಮ್ಮನಿರು, ಅವನಿಗೆ ಹೇಳ್ತಿದೀನಿ." ಕ್ಲೆಮ್ ಗುಂಡಿಯ ಕಡೆ ಬಾಗಿದ. "ಚೆಂಡು ಬಂತು. ಎತ್ತರಕ್ಕೆ, ಸ್ವಲ್ಪ ಹಿಂದಕ್ಕೆ. ಕೆನ್ನಿ ಇಲ್ಲಿದ್ದ. ಇಲ್ಲಿಂದ ಎರಡು ಹೆಜ್ಜೆ, ನೋಡು, ಹೀಗೆ..."

ಗೋಪುರದ ಘಂಟೆ ಮೊಳಗತೊಡಗಿತು. ಹಿಲ್ಡಾ ಕಾಲುಚೀಲದ ಪಾದ ಇಳಿಬಿಟ್ಟು ಕೂತು, ನಗುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ನೋಡುತ್ತಿದ್ದಳು. ತೆರೆದ ಗುಂಡಿಯ ಅಂಚಿನಲ್ಲಿ ಐವತ್ತು ದಾಟಿದ ಒಬ್ಬ ಮನುಷ್ಯ, ಟೈ ಭುಜದ ಮೇಲೆ ಹಾರಿ, ಕುತ್ತಿಗೆ ಹಿಂದಕ್ಕೆ ಬಾಗಿ, ಕೈಗಳನ್ನು ರೆಕ್ಕೆಯಂತೆ ಬೀಸಿಕೊಂಡು, ಎರಡೂ ಕಾಲು ನೆಲ ಬಿಟ್ಟು ಗಾಳಿಯಲ್ಲಿದ್ದ.